ಏಳೂ ಐದಕ್ಕೆ ನಿಂತ ಸ್ಕ್ರೂ

ಅವರ ತಿಥಿಯ ದಿನ ಫೋಟೋಗೆ ಹಾಕಿದ್ದ ಸೀರಿಯಲ್ ಸೆಟ್ ಮಿಣಕ್ ಅನ್ನೋದು, ಆರೋದು, ಮತ್ತೆ ಮಿಣಕ್ ಅನ್ನೋದು. ಬಂದವರೆಲ್ಲ ಅದೇ ಡಿಸೈನ್ ಅಂದುಕೊಂಡು ಕೈ ಮುಗಿದು ಊಟದ ಸಾಲಿಗೆ ಹೋಗ್ತಿದ್ದರು. ಡಿಸೈನೂ ಇಲ್ಲ, ಮಣ್ಣೂ ಇಲ್ಲ, ಲೂಸ್ ಕನೆಕ್ಷನ್. ಚಾಮರಾಜಪೇಟೆಯ ಮನೆಮನೆಯ ಲೂಸ್ ಕನೆಕ್ಷನ್ನಿಗೆ ಐವತ್ತು ವರ್ಷ ಬೈದುಕೊಂಡು ಓಡಾಡಿದ ಮನುಷ್ಯನಿಗೆ ಕೊನೆಗೆ ಸಿಕ್ಕ ಮರ್ಯಾದೆ ಇದು. ಫೋಟೋದಲ್ಲಿದ್ದ ಮುಖ ನೋಡಿದೆ. "ಯಾವನಯ್ಯಾ ಪ್ಲಗ್ ಹಾಕಿದೋನು?" ಅಂತ ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ ಕಾದೆ. ಕೇಳಲಿಲ್ಲ. ಮನುಷ್ಯ ನಿಜವಾಗಲೂ ಹೋಗಿಬಿಟ್ಟಿದ್ದಾರೆ ಅಂತ ನನಗೆ ಖಾತ್ರಿಯಾಗಿದ್ದು ಆಗಲೇ. ನಾನೇ ಬಗ್ಗಿ ಪ್ಲಗ್ ಒತ್ತಿ, ಹೋಗಿ ಊಟಕ್ಕೆ ಕೂತೆ.

ಅವರ ಹೆಸರು ಬರೆಯೋಲ್ಲ. ಇಡೀ ಬೀದಿಗೆ ಅವರು ಯಜಮಾನ್ರು. ಹೆಂಡತಿಗೂ ಯಜಮಾನ್ರು, ಜಗಳಕ್ಕೆ ಬಂದವರಿಗೂ ಯಜಮಾನ್ರು. ಅಡ್ಡರಸ್ತೆಯೊಂದರಲ್ಲಿ, ಹಳೇ ಮನೆಯ ಮೆಟ್ಟಿಲ ಕೆಳಗೆ ಅಂಗಡಿ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತೆ. ಗಿರಾಕಿ ತಲೆ ಬಡಿಸಿಕೊಂಡ ಸದ್ದು ಕೇಳಿದ ಮೇಲೇ ಅವರು ಕೆಲಸದಿಂದ ಮುಖ ಎತ್ತುತ್ತಿದ್ದದ್ದು. ಬೇರೆ ಕಾಲಿಂಗ್ ಬೆಲ್ ಅವರಿಗೆ ಬೇಕಿರಲಿಲ್ಲ. ಅಂಗಡಿಯ ಹಿಂದಿನ ಬಾಗಿಲು ತೆಗೆದರೆ ಅವರ ಅಡುಗೆಮನೆ. ಊರು ಮಾಗಡಿ ಕಡೆ. ಹೊಲ ಬಿಟ್ಟು ಬಂದಿದ್ದರು, ರಾಗಿ ಬಿಟ್ಟಿರಲಿಲ್ಲ. ಈ ರಾಗಿ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಅವರು ಮಾಡುತ್ತಿದ್ದದ್ದು ಮನೆಗಳ ವೈರಿಂಗು. ಹಳೇ ಮನೆಗಳಲ್ಲಿ ಮರದ ಸ್ವಿಚ್ ಬೋರ್ಡ್ ಇರುತ್ತಿತ್ತಲ್ಲ, ಕಪ್ಪು ಗುಂಡು ಸ್ವಿಚ್ಚುಗಳದ್ದು, ಅದು. ಆಮೇಲೆ ಯಾರೋ ಒಬ್ಬರು, ಯಜಮಾನ್ರೇ ಬೋರ್ಡ್ ಹಾಕಿಕೊಟ್ಟ ಮನೆಯವರು, ಬೈಕ್ ತಂದು ನಿಲ್ಲಿಸಿ "ಇದಕ್ಕೂ ಒಂದು ಮಾಡ್ಕೊಡಿ" ಅಂದರಂತೆ. ದೂರ ಹೋಗೋ ಬೈಕುಗಳಿಗೆ ನಾವು ಏನೇನೋ ಸೇರಿಸಿರ್ತೀವಿ. ಮಂಜಿಗೆ ಎರಡು ಹಳದಿ ದೀಪ, ಲಾರಿಯವರಿಗೆ ಕೇಳಿಸೋ ಅಂಥ ಹಾರ್ನು, ಫೋನ್ ಚಾರ್ಜಿಗೆ ಸಾಕೆಟ್ಟು, ಚಳಿಗೆ ಬೆಚ್ಚಗಾಗೋ ಹಿಡಿ. ಒಂದೊಂದಕ್ಕೂ ಸ್ವಿಚ್ ಬೇಕು. ಆ ಸ್ವಿಚ್ಚುಗಳನ್ನೆಲ್ಲ ಒಂದು ಪುಟ್ಟ ಡಬ್ಬಿಯಲ್ಲಿ ಕೂರಿಸಿ, ಎಡಗೈಗೆ ಎಟುಕೋ ಹಾಗೆ ಹ್ಯಾಂಡಲ್ ಪಕ್ಕ ಕಚ್ಚಿಸಿದರೆ ಅದೇ ಪ್ಯಾನಲ್. ಆನ್‌ಲೈನಲ್ಲಿ ರೆಡಿಮೇಡ್ ಸಿಗುತ್ತೆ. ನಾನೂ ಒಂದು ತರಿಸಿದ್ದೆ. ಮೊದಲ ಮಳೆಗೆ ದೀಪದ ಸ್ವಿಚ್ ಒತ್ತಿದರೆ ಹಾರ್ನ್ ಬಡಿದುಕೊಳ್ಳೋಕೆ ಶುರುವಾಯ್ತು. ಕನಕಪುರ ರಸ್ತೆಯಿಂದ ಶಂಕರಪುರಂವರೆಗೂ ಮೆರವಣಿಗೆ ಥರ ಬಂದಿದ್ದೆ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗಲ್ಲ. ವಿಮಾ ಕಚೇರಿಯಲ್ಲಿ ಕೆಲಸ, ಶಂಕರಪುರಂನಲ್ಲಿ ಅಮ್ಮನ ಜೊತೆ ವಾಸ. ನಲವತ್ತನಾಲ್ಕಕ್ಕೆ ಟೂರಿಂಗ್ ಬೈಕ್ ತಗೊಂಡೆ. "ಎಲ್ಲರೂ ಈ ವಯಸ್ಸಿಗೆ ಕಾಶಿಗೆ ರೈಲು ಟಿಕೆಟ್ ತೆಗಿಸ್ತಾರೆ, ಇವಳು ಕೋಣ ತಂದು ಅಂಗಳದಲ್ಲಿ ಕಟ್ಟಿದಾಳೆ" ಅಂತ ಅಮ್ಮ ಹಾಲಿನವನಿಗೆ, ಪೇಪರಿನವನಿಗೆ, ಗ್ಯಾಸಿನವನಿಗೆ ಪ್ರತ್ಯೇಕವಾಗಿ ಹೇಳಿದಳು. ಕಛ್‌ನ ಬಿಳಿ ಉಪ್ಪಿನ ಬಯಲು ನೋಡಬೇಕು ಅನ್ನೋದು ನನಗೆ ಹಿಡಿದ ಹುಚ್ಚು. ಅದಕ್ಕೆ ಒಳ್ಳೇ ಪ್ಯಾನಲ್ ಬೇಕಿತ್ತು. ಯಾರೋ ಈ ಅಂಗಡಿ ಹೇಳಿದರು. ಹೋಗಿ ತಲೆ ಬಡಿಸಿಕೊಂಡೆ.

ನನ್ನ ಕೈಯಲ್ಲಿದ್ದ ರೆಡಿಮೇಡ್ ಪ್ಯಾನಲ್ಲನ್ನ ಯಜಮಾನ್ರು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು. "ಬ್ಲೌಸು ರೆಡಿಮೇಡ್ ಹಾಕ್ಕೋತೀರಾ, ಹೊಲಿಸ್ಕೋತೀರಾ?"

ನನಗೆ ಮೈ ಉರೀತು. "ಹೊಲಿಸ್ಕೋತೀನಿ. ಏನೀಗ?"

"ಇದೂ ಹಂಗೇ ಮೇಡಮ್ಮೋರೇ. ಅಳತೆ ಕೊಡ್ಬೇಕು. ಭಾನುವಾರ ಬನ್ನಿ. ದಪ್ಪ ಗ್ಲೌಸ್ ತನ್ನಿ."

ಭಾನುವಾರ ಹೋದರೆ ಬೈಕನ್ನ ಬೀದಿಯಲ್ಲೇ ಸ್ಟ್ಯಾಂಡ್ ಹಾಕಿಸಿ, ನನ್ನನ್ನ ಮೇಲೆ ಕೂರಿಸಿ, ಗ್ಲೌಸ್ ತೊಡಿಸಿ, ಒಗೆದ ಟವೆಲ್ ಒಂದನ್ನ ಕಣ್ಣಿಗೆ ಕಟ್ಟಿದರು. ಹ್ಯಾಂಡಲ್ ಪಕ್ಕ ರಟ್ಟಿನ ಡಬ್ಬಿಯೊಂದರಲ್ಲಿ ನಾಲ್ಕು ಸ್ವಿಚ್ ಚುಚ್ಚಿಟ್ಟಿದ್ದರು. ಅವರು ಕೂಗಬೇಕು, ನಾನು ಒತ್ತಬೇಕು. ಇದು ಅವರ ಅಳತೆ ತಗೊಳ್ಳೋ ಕ್ರಮ. ಸೊಪ್ಪಿನವಳು ಗಾಡಿ ನಿಲ್ಲಿಸಿ ಕೇಳಿದ್ದು ನನಗೆ ಟವೆಲ್ ಒಳಗಿಂದಲೇ ಕೇಳಿಸ್ತು.

"ಏನಮ್ಮಾ, ಆಯಮ್ಮಂಗೆ ದೇವ್ರು ಬಂದೈತಾ?"

"ಇಲ್ಲ, ಬೈಕ್ ಬಂದೈತೆ," ಅಂದರು ಅವರ ಹೆಂಡತಿ ಬಾಗಿಲಲ್ಲಿ ನಿಂತು.

"ಮಂಜು!" ಅಂತ ಯಜಮಾನ್ರು ಕೂಗಿದರು. ಒತ್ತಿದೆ. ಹಾರ್ನು.

"ಸತ್ರಿ," ಅಂದರು ತಣ್ಣಗೆ. "ಮಂಜು ಬಂತು, ನೀವು ಹಾರ್ನ್ ಹೊಡುದ್ರಿ. ಹಾರ್ನಿಗೆ ಮಂಜು ಪಕ್ಕಕ್ಕೆ ಸರಿಯುತ್ತಾ? ಇನ್ನೊಂದ್ಸಲ. ಲಾರಿ!"

ಹನ್ನೊಂದು ಸಲ ಸತ್ತೆ ಅವತ್ತು. ಪ್ರತಿ ಸಲ ಸತ್ತಾಗಲೂ ಅವರು ಸ್ವಿಚ್ಚುಗಳ ಜಾಗ ಬದಲಾಯಿಸಿದರು. ಆಮೇಲೆ ಒಂದಕ್ಕೆ ಉದ್ದ ಕಡ್ಡಿ, ಒಂದಕ್ಕೆ ರಬ್ಬರ್ ಟೋಪಿ, ಒಂದರ ತುದಿಗೆ ಸೀಸದ ಸಣ್ಣ ಗುಳ್ಳೆ, ಇನ್ನೊಂದಕ್ಕೆ ಅರದಲ್ಲಿ ಉಜ್ಜಿದ ಗೀರು. ಗ್ಲೌಸ್ ಹಾಕಿದ ಬೆರಳಿಗೂ ಯಾವುದು ಯಾವುದು ಅಂತ ಗೊತ್ತಾಗಬೇಕು. ಪಕ್ಕದಲ್ಲಿ ಹೆಸರು ಬರೆದರೆ ಸಾಕಲ್ವಾ ಅಂದಿದ್ದಕ್ಕೆ, "ಓದೋರು ಲೈಬ್ರರೀಲಿ ಕೂತ್ಕೋಬೇಕು. ಗಾಡಿ ಓಡಿಸೋವಾಗ ಕಣ್ಣು ರಸ್ತೇಗೆ, ಕೈಗೆ ಅದರದೇ ಕಣ್ಣು" ಅಂದರು. ಸ್ವತಃ ಅವರೂ ಹಾಗೇ ಕೆಲಸ ಮಾಡುತ್ತಿದ್ದದ್ದು. ವೈರಿನ ತುದಿ ಸುಲಿಯುವಾಗ ಬೀದಿ ನೋಡ್ತಿರ್ತಿದ್ದರು, ಹೋಗೋ ಬರೋರನ್ನ ಬೈತಿರ್ತಿದ್ದರು, ಬೆರಳು ಮಾತ್ರ ತಾನೇ ತಾನಾಗಿ ಓಡ್ತಿರ್ತಿತ್ತು.

ಅಲ್ಯೂಮಿನಿಯಂ ತಗಡು ಬಗ್ಗಿಸಿ ಡಬ್ಬಿ ಮಾಡಿದರು. ಮುಚ್ಚಳದ ಸುತ್ತ ಹಳೇ ಸೈಕಲ್ ಟ್ಯೂಬು ಕತ್ತರಿಸಿದ ಪಟ್ಟಿ, ಧೂಳು ನೀರು ಹೋಗದ ಹಾಗೆ. ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಸ್ಕ್ರೂ ವಿಷಯದಲ್ಲಿ ಅವರು ಪೂರ್ತಿ ಹುಚ್ಚರು. ಸ್ಟಾರ್ ಸ್ಕ್ರೂ ಕಂಡರೆ ಆಗದು, ಒಂದೇ ಗೀಟಿನ ಹಳೇ ಸ್ಕ್ರೂನೇ ಬೇಕು. ಬಿಗಿ ಮಾಡಿದ ಮೇಲೆ ನಾಲ್ಕರ ಗೀಟೂ ಮೇಲಿಂದ ಕೆಳಕ್ಕೆ ನೆಟ್ಟಗೆ ನಿಂತಿರಬೇಕು. "ಆರು ಗಂಟೆ," ಅನ್ನೋರು. ಗಡಿಯಾರದಲ್ಲಿ ಆರು ಗಂಟೆಗೆ ಎರಡೂ ಮುಳ್ಳು ಒಂದೇ ಗೀಟಾಗುತ್ತಲ್ಲ, ಹಾಗೆ. ಆರು ಗಂಟೆಗೆ ಸರಿಯಾಗಿ ಬಿಗಿ ಆಗದಿದ್ದರೆ ಬಿಚ್ಚಿ, ಸ್ಕ್ರೂ ತಲೆಯ ತಳವನ್ನ ಅರದಲ್ಲಿ ಚೂರೇ ಚೂರು ಉಜ್ಜಿ, ಮತ್ತೆ ಹಾಕೋರು. ಮತ್ತೆ ಬಿಚ್ಚೋರು. ಒಂದೊಂದು ಸ್ಕ್ರೂಗೆ ಒಂದು ಲೋಟ ಕಾಫಿ ಖರ್ಚು.

"ಯಾರು ನೋಡ್ತಾರೆ ಯಜಮಾನ್ರೇ?"

"ನಾನು ನೋಡಲ್ವಾ?"

ಇನ್ನು ರಾಗಿ. ಮುಚ್ಚಿದ ಪ್ಯಾನಲ್ಲನ್ನ ಅಡುಗೆಮನೆಗೆ ತಗೊಂಡು ಹೋಗಿ ರಾಗಿ ಹಿಟ್ಟಿನ ಡಬ್ಬದಲ್ಲಿ ಹೂತು, ಡಬ್ಬ ಮುಚ್ಚಿ, ನೂರು ಎಣಿಸೋವರೆಗೂ ಅಲ್ಲಾಡಿಸೋರು. ಆಮೇಲೆ ಬಿಚ್ಚಿ, ಒಳಗೆಲ್ಲ ಕಿರುಬೆರಳಾಡಿಸಿ, ಬೆರಳನ್ನ ನಾಲಿಗೆ ಮೇಲಿಟ್ಟು ನೋಡೋರು. ರಾಗಿಯ ರುಚಿ ಹತ್ತಲಿಲ್ಲ ಅಂದರೆ ಪಾಸು. ರಾಗಿ ಹಿಟ್ಟು ಹೋಗದ ಕಡೆ ಯಾವ ಊರಿನ ಧೂಳೂ ಹೋಗೋಲ್ಲ ಅನ್ನೋದು ಅವರ ಸಿದ್ಧಾಂತ. ಪರೀಕ್ಷೆ ಮುಗಿದ ಹಿಟ್ಟಿನಲ್ಲೇ ಮಧ್ಯಾಹ್ನದ ಮುದ್ದೆ. "ನಾನೂ ಒಂದು ಇನ್ನೂರು ಬೈಕಿನ ಮುದ್ದೆ ತಿಂದಿರಬೋದು ಕಣಮ್ಮ," ಅಂತ ಅವರ ಹೆಂಡತಿ ಒಂದು ಸಲ ನನ್ನ ಹತ್ತಿರ ಲೆಕ್ಕ ಒಪ್ಪಿಸಿದ್ದರು.

ಇಷ್ಟೆಲ್ಲ ಬೈಕುಗಳಿಗೆ ಕೆಲಸ ಮಾಡಿದ ಈ ಮನುಷ್ಯ ಬೈಕ್ ಹತ್ತಿದವರಲ್ಲ. ಕೆಂಗೇರಿ ದಾಟಿದರೆ ವಾಂತಿ. ಮಾಗಡಿಗೂ ನಿಂಬೆಹಣ್ಣು ಮೂಸಿಕೊಂಡೇ ಹೋಗೋರು. ನಾವು ಊರೂರು ಸುತ್ತೋದು ಅವರ ಕಣ್ಣಿಗೆ ಒಂದು ಕಾಯಿಲೆ. "ಕರೆಂಟು ಸೋಮಾರಿ ಮೇಡಮ್ಮೋರೇ. ಮನೆಗೆ ಹತ್ರದ ದಾರಿ ಸಿಕ್ಕಿದ್ರೆ ದೂರದ್ದು ಹಿಡಿಯಲ್ಲ. ಕರೆಂಟಿಗಿರೋ ಬುದ್ಧಿ ನಿಮಗಿಲ್ವಲ್ಲ."

ಪ್ಯಾನಲ್ ಕೈಗೆ ಕೊಡುವಾಗ ಒಂದು ಷರತ್ತು. ಏನೇ ಆದರೂ ಅದನ್ನ ಬಿಚ್ಚಕೂಡದು. ಫ್ಯೂಸು ಸೀಟಿನ ಕೆಳಗಿದೆ, ಹೋದರೆ ಅಲ್ಲಿ ಬದಲಾಯಿಸ್ಕೊಳ್ಳಿ. ಡಬ್ಬಿಯೊಳಗೆ ನಿಮ್ಮ ಕೆಲಸ ಏನೂ ಇಲ್ಲ. ಮೂರು ಸಲ ಹೇಳಿದರು, ಮೂರು ಸಲ ನನ್ನ ಬಾಯಲ್ಲಿ ಹೇಳಿಸಿದರು. ಅವರ ಹಿಂದಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಪಟ್ಟಿ ಇತ್ತು. ತಲೆಬರಹ, "ಬಿಚ್ಚಿದವರು." ಕೆಳಗೆ, "ಹಸಿರು ಬೈಕಿನ ಗಡ್ಡದವನು," "ಹಲ್ಲಿನ ಡಾಕ್ಟ್ರು," "ಇಬ್ಬರು ಅಣ್ಣತಮ್ಮಂದಿರು." ಆ ಪಟ್ಟಿಗೆ ಬಿದ್ದವರಿಗೆ ಜನ್ಮದಲ್ಲಿ ಮತ್ತೆ ಕೆಲಸ ಮಾಡಿಕೊಡ್ತಿರಲಿಲ್ಲ. ಹಲ್ಲಿನ ಡಾಕ್ಟ್ರು ಪುಕ್ಕಟೆ ಹಲ್ಲು ಕಟ್ಟಿಕೊಡ್ತೀನಿ ಅಂದರೂ ಜಗ್ಗಿರಲಿಲ್ಲವಂತೆ.

ನಾನು ಬಿಚ್ಚಿದೆ.

ಕಛ್‌ನಲ್ಲಿ, ಬಿಳೀ ಬಯಲಿನ ಅಂಚಿನಲ್ಲಿ, ಟೈರಿಗೆ ಗಾಳಿ ತುಂಬೋ ಪುಟ್ಟ ಪಂಪನ್ನ ಫೋನ್ ಚಾರ್ಜಿನ ಸಾಕೆಟ್ಟಿಗೆ ಚುಚ್ಚಿದೆ. ಚುಚ್ಚಬಾರದಿತ್ತು. ಸಾಕೆಟ್ಟು ಸತ್ತಿತು, ಚಾರ್ಜಿಲ್ಲದೆ ಫೋನ್ ಸತ್ತಿತು, ಮ್ಯಾಪ್ ಸತ್ತಿತು, ಸುತ್ತ ನೋಡಿದರೆ ಉಪ್ಪು. ಮೂರು ಸಲ ಬಾಯಲ್ಲಿ ಹೇಳಿದ್ದ ಸೀಟಿನ ಕೆಳಗಿನ ಫ್ಯೂಸು ಆ ಗಾಬರೀಲಿ ತಲೆಗೆ ಹೊಳೀಲೇ ಇಲ್ಲ. ಹತ್ತು ರೂಪಾಯಿ ನಾಣ್ಯದ ಅಂಚಿನಲ್ಲಿ ನಾಲ್ಕು ಸ್ಕ್ರೂ ತಿರುಗಿಸಿ ಮುಚ್ಚಳ ಎತ್ತಿದೆ. ಒಳಗೆ ಎಲ್ಲ ಮದುವಣಗಿತ್ತಿಯ ಜಡೆ ಥರ ಅಚ್ಚುಕಟ್ಟಾಗಿತ್ತು. ಅಷ್ಟರಲ್ಲಿ ಗಾಳಿ ಬೀಸಿ ಉಪ್ಪಿನ ಪುಡಿ ತಂದು ಸುರೀತು. ಗಡಿಬಿಡೀಲಿ ಮುಚ್ಚಿದೆ. ಮೂಲೆಯೊಂದರಲ್ಲಿ ಟ್ಯೂಬಿನ ಪಟ್ಟಿ ಮಡಚಿಕೊಂಡಿದ್ದು ಕಂಡರೂ ಕಾಣದವಳ ಹಾಗೆ ಸ್ಕ್ರೂ ತಿರುಗಿಸಿದೆ. ಆರು ಗಂಟೆ ಗೀರು ಗಂಟೆ ಯಾವುದೂ ನೆನಪಿಲ್ಲ. ಆಮೇಲೆ ಹೊಳೀತು ನೋಡಿ, ಸೀಟಿನ ಕೆಳಗೆ! ಹಣೆ ಹಣೆ ಚಚ್ಚಿಕೊಂಡೆ.

ವಾಪಸ್ ಬರುವಾಗ ಹುಬ್ಬಳ್ಳಿ ಹತ್ತಿರ ಹಾರ್ನಿನ ಸ್ವಿಚ್ ಕೆಲಸ ನಿಲ್ಲಿಸಿತು. ಟೂರ್ ಮುಗಿಸಿ ಬಂದವರೆಲ್ಲ ಪ್ಯಾನಲ್ ತೋರಿಸಿ ಹೋಗಲೇಬೇಕು ಅನ್ನೋದು ಅವರ ಇನ್ನೊಂದು ಕಾನೂನು. ಹೋದೆ. ದಾರಿಯುದ್ದಕ್ಕೂ ಆ ನಾಲ್ಕು ಸ್ಕ್ರೂ ನೋಡಿಕೊಂಡೇ ಹೋದೆ. ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ನೆಟ್ಟಗೆ ಮಾಡೋಣ ಅಂತ ನಾಣ್ಯ ಹಾಕಿದರೆ ಒಂದು ಲೂಸಾಗುತ್ತೆ, ಇನ್ನೊಂದು ತಿರುಗೋದೇ ಇಲ್ಲ. ನೋಡಿದ ತಕ್ಷಣ ಹಿಡೀತಾರೆ, ಗೋಡೆ ಮೇಲೆ "ವಿಮಾ ಕಚೇರಿ ಮೇಡಮ್ಮು" ಅಂತ ಬರೀತಾರೆ, ಮುಗೀತು ಅಂತ ಕೂತಿದ್ದೆ.

ಅವರು ಪ್ಯಾನಲ್ಲನ್ನ ಮುಖದ ಹತ್ತಿರ ಹಿಡಿದರು. ಸ್ಕ್ರೂ ಮಾತೇ ಎತ್ತಲಿಲ್ಲ. ಸ್ಕ್ರೂಡ್ರೈವರ್ ತಗೊಂಡು ಬಿಚ್ಚಿದರು. ನನ್ನ ಅದೃಷ್ಟವೇ ಅಂದುಕೊಂಡೆ. ಕಿರುಬೆರಳು ಆಡಿಸಿ ನಾಲಿಗೆ ಮೇಲಿಟ್ಟರು.

"ಉಪ್ಪು," ಅಂದರು. ಆ ದನಿ ನಾನು ಅವರ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. "ಎಲ್ಲಿಂದ ಹೋಯ್ತು ಮೇಡಮ್ಮೋರೇ ಇದು?"

ಗೋಡೆ ಮೇಲಿನ ಪಟ್ಟಿ ಕಾಣಿಸ್ತು. "ಗೊತ್ತಿಲ್ಲ ಯಜಮಾನ್ರೇ," ಅಂದೆ.

ಒಂದೇ ಮಾತು. ಅದರ ಮೇಲೆ ಏಳು ತಿಂಗಳು ಹೋಯಿತು. ಆ ಏಳು ತಿಂಗಳಲ್ಲಿ ಒಬ್ಬ ಮನುಷ್ಯ ತನ್ನ ಕೈಯನ್ನೇ ನಂಬದ ಹಾಗಾಗಿದ್ದನ್ನ ನಾನು ಎದುರಿಗೆ ಕೂತು ನೋಡಿದೆ. ಅಲ್ಲಿವರೆಗೂ ಅವರ ಪ್ಯಾನಲ್ ಒಳಗೆ ಏನೂ ಹೋಗಿರಲಿಲ್ಲ. ಹೋಗಿದ್ದರೆ ಅದು ಬಿಚ್ಚಿದವರ ತಪ್ಪು, ಗೋಡೆ ಮೇಲಿದೆ. ಈಗ ಬಿಚ್ಚದೇನೇ ಉಪ್ಪು ಹೋಗಿದೆ. ಅಂದರೆ ಕೈ ಹೋಗಿದೆ. ನನ್ನ ಹಾರ್ನಿನ ಸ್ವಿಚ್ ಅವತ್ತೇ ಬದಲಾಯಿಸಿಕೊಟ್ಟರು, ಆಮೇಲೆ ಒಂದೊಂದು ಪ್ಯಾನಲ್ಲನ್ನೂ ಮೂರು ಮೂರು ಸಲ ರಾಗಿಯಲ್ಲಿ ಹೂಳೋಕೆ ಶುರು ಮಾಡಿದರು. ಹಿಟ್ಟು ಒಳಗೆ ಹೋಗ್ತಿರಲಿಲ್ಲ. ಆದರೂ ನಂಬ್ತಿರಲಿಲ್ಲ. "ಹಿಟ್ಟೇ ಸುಳ್ಳು ಹೇಳ್ತಾ ಇದೆ," ಅಂದರು ಒಂದು ದಿನ. ಸುಳ್ಳು ಹೇಳಿದವಳು ಅವರ ಸ್ಟೂಲಿನ ಮೇಲೇ ಕೂತು ಅವರದೇ ಕಾಫಿ ಕುಡೀತಿದ್ದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಪ್ರತಿ ಭಾನುವಾರ ಹೋಗಿ ಮುಟ್ಟಿ ನೋಡಿಕೊಳ್ತಿದ್ದೆ. ಎಸ್.ಪಿ. ರಸ್ತೆಯಿಂದ ಸ್ವಿಚ್ಚು ತಂದುಕೊಟ್ಟೆ, ಅಮ್ಮ ಮಾಡಿದ ಕೋಡುಬಳೆ ತಂದುಕೊಟ್ಟೆ. "ಇದ್ರ ಮೇಲೆ ಎಷ್ಟು ಆಂಪ್ ಅಂತ ಬರ್ದವ್ರೆ ಓದಿ, ಕನ್ನಡಕ ಒಳಗೆ ಬಿಟ್ಟಿದೀನಿ" ಅನ್ನೋರು, ಓದಿ ಹೇಳ್ತಿದ್ದೆ. ಒಳಗೆ ಅಂದರೆ ಮೂರು ಹೆಜ್ಜೆ. ಪ್ರತಿ ವಾರವೂ ಕನ್ನಡಕ ಯಾಕೆ ಒಳಗೇ ಇರುತ್ತೆ ಅಂತ ನನ್ನ ಮಂಡೆಗೆ ಹೊಳೀಬೇಕಿತ್ತು. ನನಗೆ ನನ್ನ ಹೆಗಲಿನದ್ದೇ ಚಿಂತೆ.

ಒಂದು ಭಾನುವಾರ ಹೋದರೆ ಸ್ಪ್ಯಾನರು, ಅರ, ಇಕ್ಕಳ ಎಲ್ಲ ಒರೆಸಿ ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿದ್ದಾರೆ. ಹೆಂಡತಿ ಹಿಂದಿನ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಾರೆ.

"ಬನ್ನಿ ಬನ್ನಿ. ನಿಮ್ಮ ಅಕ್ಷರ ಚೆನ್ನಾಗಿದೆ, ಒಂದು ಬೋರ್ಡ್ ಬರ್ಕೊಡಿ," ಅಂತ ರಟ್ಟು, ಮಾರ್ಕರ್ ಮುಂದಿಟ್ಟರು. "ಕೆಲಸ ನಿಲ್ಲಿಸಲಾಗಿದೆ. ಅಷ್ಟೇ. ದಪ್ಪಕ್ಕೆ ಬರೀರಿ."

"ಯಾಕೆ ಯಜಮಾನ್ರೇ?"

"ಕೈ ಹೋಯ್ತು ಮೇಡಮ್ಮೋರೇ. ಯಾರೋ ಘಾಟಿ ರಸ್ತೇಲಿ ಮಂಜಲ್ಲಿ ಸ್ವಿಚ್ ಒತ್ತಿ, ದೀಪ ಹತ್ದೆ ಹೋಗಿ, ಹೆಚ್ಚು ಕಮ್ಮಿ ಆದ್ರೆ? ಉಪ್ಪು ಹೋದಂಗೆ ನೀರೂ ಹೋಗುತ್ತೆ. ಬರೀರಿ."

ಮಾರ್ಕರ್ ಹಿಡಿದೆ. "ಕೆಲಸ ನಿ" ಅನ್ನೋವರೆಗೂ ಬರೆದೆ. ಮುಂದಿನ ಅಕ್ಷರ ಬರೆಯೋಕೆ ಕೈ ಬರಲಿಲ್ಲ. ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರಲ್ಲ, ನಾನು ಅಕ್ಷರಶಃ ಆ ಪೈಕಿ. ತಲೆ ಎತ್ತದೇನೇ ಹೇಳಿದೆ.

"ನಾನು ಬಿಚ್ಚಿದ್ದೆ ಯಜಮಾನ್ರೇ. ಅಲ್ಲೇ, ಕಛ್‌ನಲ್ಲೇ. ಹತ್ತು ರೂಪಾಯಿ ನಾಣ್ಯದಲ್ಲಿ."

ಎದ್ದರು ನೋಡಿ ಯಜಮಾನ್ರು! ಎದ್ದ ರಭಸಕ್ಕೆ ತಮ್ಮ ಅಂಗಡಿಯ ಮೆಟ್ಟಿಲಿಗೇ ತಲೆ ಬಡಿಸಿಕೊಂಡರು.

"ಲೇ! ಕೇಳಿಸ್ತೇನೇ? ಇವಳೇ ಕಣೇ ಬಿಚ್ಚಿರೋದು! ಕಳ್ಳಿ! ನನ್ನ ಕೈ ಹೋಗಿಲ್ಲ ಕಣೇ!"

ಎಡಗೈಯಲ್ಲಿ ತಲೆ ಉಜ್ಜಿಕೊಳ್ತಾ, ಬಲಗೈಯನ್ನ ಆಗ ತಾನೇ ಹುಟ್ಟಿದ ಮಗೂನ ತೋರಿಸೋ ಹಾಗೆ ಹೆಂಡತಿಗೆ ತೋರಿಸಿದರು. ನನಗೆ ಸಿಕ್ಕ ಬೈಗುಳ ಇಲ್ಲಿ ಬರೆಯೋ ಅಂಥದ್ದಲ್ಲ. ಮಾಗಡಿ ಕಡೆಯವು, ನೆಲಕ್ಕೆ ಹತ್ತಿರದವು. "ಏಳು ತಿಂಗಳು! ಏಳು ತಿಂಗಳು ಕೋಡುಬಳೆ ತಿನ್ನಿಸ್ಕೊಂಡು ಕೂತಿದ್ಯಲ್ಲೇ!" ಅವತ್ತು ಬಹುವಚನ ಬಿಟ್ಟರು. ಮತ್ತೆ ಯಾವತ್ತೂ ಹಾಕಲಿಲ್ಲ. ಅಷ್ಟು ಬೈಸಿಕೊಂಡು ಅಷ್ಟು ಹಗುರವಾಗಿದ್ದು ನನಗೆ ಜನ್ಮದಲ್ಲಿ ಅದೇ ಮೊದಲು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಬೈದು ಬೈದು ಸುಸ್ತಾಗಿ ಕೂತು, ನೀರು ಕುಡಿದು, ಕೇಳಿದರು.

"ಬಿಚ್ಚಿ ಮತ್ತೆ ಹಾಕಿದ್ಯಲ್ಲ, ಸ್ಕ್ರೂ ಹೆಂಗೆ ಹಾಕಿದೆ?"

"ಹೆಂಗೆ ಬಂತೋ ಹಂಗೆ."

"ಆರು ಗಂಟೆಗೆ ನಿಲ್ಲಿಸ್ಲಿಲ್ವಾ?"

"ಇಲ್ಲ."

ಲೋಟ ಕೆಳಗಿಟ್ಟರು. ಮುಖದ ಮೇಲಿನ ಖುಷಿ ನಿಧಾನಕ್ಕೆ ಇಳೀತು. "ಹಂಗಾದ್ರೆ ನಾನ್ಯಾಕೆ ನೋಡ್ಲಿಲ್ಲ?" ಅಂದರು. ನನ್ನನ್ನಲ್ಲ, ಹೆಂಡತಿಯನ್ನೂ ಅಲ್ಲ, ಯಾರನ್ನೋ ಕೇಳಿದರು.

ಹೆಂಡತಿ ಬಾಗಿಲಿಂದಲೇ ಅಂದರು. "ಅಕ್ಕಿ ಆರಿಸ್ವಾಗ ಕಲ್ಲು ಬಿಡ್ತಾ ಇದ್ದೀರಿ ಅಂತ ಒಂದು ವರ್ಷದಿಂದ ಬಡ್ಕೋತಿದೀನಿ. ನಿನ್ನ ಹಲ್ಲೇ ಸರಿ ಇಲ್ಲ ಅಂತೀರಿ."

ಕಣ್ಣಿನ ಪೊರೆ. ಎರಡೂ ಕಣ್ಣಿಗೆ. ಕೈ ಅಷ್ಟು ಚೆನ್ನಾಗಿದ್ದದ್ದರಿಂದ ಯಾರಿಗೂ ತಿಳಿದಿರಲಿಲ್ಲ, ಅವರಿಗೂ ಪೂರ್ತಿ ತಿಳಿದಿರಲಿಲ್ಲ. ತಿಳಿದಿದ್ದಷ್ಟನ್ನ ಕನ್ನಡಕದ ಮೇಲೆ ಹಾಕಿ ಒಳಗೆ ಬಿಟ್ಟು ಬರ್ತಿದ್ದರು. ನಾನು ಏಳು ತಿಂಗಳ ಹಿಂದೆ ನಿಜ ಹೇಳಿದ್ದರೆ ಅವತ್ತೇ ಗೊತ್ತಾಗಿರೋದು. ಇದನ್ನ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೀನಿ.

ಆಪರೇಷನ್ ಅಂದಿದ್ದಕ್ಕೆ, "ಕರೆಂಟ್ ಆಫ್ ಮಾಡ್ದೆ ವೈರ್ ಬಿಚ್ತಾರಾ? ಜೀವ ಆನ್ ಇರ್ವಾಗ್ಲೇ ಕಣ್ಣು ಬಿಚ್ತಾರಂತೆ, ನಾನು ಒಲ್ಲೆ" ಅಂತ ಹಟ ಹಿಡಿದರು. ಹದಿನೈದು ದಿನ ಗೋಗರೆದೆ, ಜಗಳ ಆಡಿದೆ. ಕೊನೆಗೆ ಸಿಟ್ಟು ಬಂದು, "ಸರಿ ಬಿಡಿ, ನಿಮ್ಮ ಸ್ಕ್ರೂ ಎಲ್ಲಾ ಹೆಂಗೆಂಗೋ ನಿಲ್ಲುತ್ತೆ, ಊರವರೆಲ್ಲ ನೋಡ್ತಾರೆ, ನೀವೊಬ್ರು ನೋಡಲ್ಲ" ಅಂದೆ. ಮಾರನೇ ದಿನ ಬೆಳಿಗ್ಗೆ ಇಸ್ತ್ರಿ ಶರ್ಟ್ ಹಾಕಿಕೊಂಡು ಬೀದಿಯಲ್ಲಿ ನಿಂತಿದ್ದರು.

ಆಟೋ ಬೇಡ, ಬೈಕಲ್ಲೇ ಬರ್ತೀನಿ ಅಂದರು. ಯಾಕೆ ಅಂತ ಈಗಲೂ ಗೊತ್ತಿಲ್ಲ. ಜೇಬಲ್ಲಿ ನಿಂಬೆಹಣ್ಣಿತ್ತು. ಹಿಂದೆ ಕೂತು ನನ್ನ ಜಾಕೆಟ್ಟನ್ನ ಎರಡೂ ಮುಷ್ಟಿಯಲ್ಲಿ ಹಿಡಿದು, ಬಸವನಗುಡಿಯ ಕಣ್ಣಾಸ್ಪತ್ರೆವರೆಗೂ ಬೆನ್ನ ಹಿಂದಿಂದ ಕೂಗಿದ್ದೇ ಕೂಗಿದ್ದು. "ಲಾರಿ!" ಹಾರ್ನ್ ಒತ್ತಿದೆ. ಲಾರಿ ಎಲ್ಲೂ ಇರಲಿಲ್ಲ, ಎಳನೀರು ಗಾಡಿ. "ಮಂಜು!" ಬೆಳಿಗ್ಗೆ ಹತ್ತು ಗಂಟೆ, ಸುಡು ಬಿಸಿಲು. ಆದರೂ ಹಳದಿ ದೀಪ ಹಾಕಿದೆ. "ಸರಿಯಾಗಿ ಒತ್ತಿದೆ ಕಣೇ, ಪಾಸು," ಅಂದರು. ವಾಂತಿ ಮಾಡಿಕೊಳ್ಳಲಿಲ್ಲ. ಆಸ್ಪತ್ರೆ ಮುಂದೆ ಇಳಿದಾಗ ಅವರ ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ.

ಎರಡನೇ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮನೆಯಲ್ಲಿ ಯಾರನ್ನೂ ಬಿಡಲಿಲ್ಲ. ಹೆಂಡತಿಗೆ, "ಇದೇನೇ ಇಷ್ಟು ಸುಕ್ಕಾಗಿದ್ಯಾ?" ಅಂದರು. "ಕನ್ನಡಿ ನೋಡ್ಕೊಂಡ್ ಬನ್ನಿ, ಆಮೇಲೆ ಮಾತಾಡಿ," ಅಂತ ಉತ್ತರ ಬಂತು. ನನಗೆ, "ನಿನಗೂ ತಲೆ ನರೆತಿದೆ, ಬಣ್ಣ ಹಾಕಿರೋನು ಬುಡ ಬಿಟ್ಟಿದಾನೆ." ಆಮೇಲೆ ನನ್ನ ಪ್ಯಾನಲ್ ಕೇಳಿದರು. ಹೊಸ ಟ್ಯೂಬಿನ ಪಟ್ಟಿ ಹಾಕಿದರು, ರಾಗಿಯಲ್ಲಿ ಹೂತರು, ಅಲ್ಲಾಡಿಸಿದರು, ನೆಕ್ಕಿ ನೋಡಿದರು. ಮೂರು ಸ್ಕ್ರೂ ಆರು ಗಂಟೆಗೆ ನಿಲ್ಲಿಸಿದರು. ನಾಲ್ಕನೆಯದನ್ನ ಹಾಕಿ, ಬಿಚ್ಚಿ, ಅರದಲ್ಲಿ ಉಜ್ಜಿ, ಹಾಕಿ, ಮತ್ತೆ ಬಿಚ್ಚಿ, ಅರ್ಧ ಗಂಟೆ ಒದ್ದಾಡಿದರು. ಕೊಟ್ಟಾಗ ನೋಡಿದರೆ ಅದು ಓರೆ.

"ಯಜಮಾನ್ರೇ, ಇದು ಸೊಟ್ಟ ಇದೆ."

"ಏಳೂ ಐದು," ಅಂದರು. ಎರಡು ಮುಳ್ಳೂ ಓರೆಯಾಗಿ ಒಂದೇ ಗೀಟಾಗೋ ಹೊತ್ತು. "ಮೂರು ನಂದು, ಒಂದು ನಿಂದು. ಸರಿಯಾಗಿ ಏಳೂ ಐದಕ್ಕೇ ಬಿಗಿ ಆಗೋ ಹಂಗೆ ಉಜ್ಜಿದೀನಿ. ನೆಟ್ಟಗೆ ಮಾಡೋಕೆ ಹೋದ್ರೆ ಲೂಸಾಗುತ್ತೆ, ಮತ್ತೆ ಉಪ್ಪು ತಿಂತೀಯ. ಎಲ್ಲಿಗೆ ಹೋದ್ರೂ ನೋಡ್ಕೊಂಡು ಹೋಗು."

ಗೋಡೆ ಮೇಲಿನ ಪಟ್ಟಿಗೆ ನನ್ನನ್ನ ಸೇರಿಸಲಿಲ್ಲ. ನಾನು ಅರ್ಧ ಬರೆದಿದ್ದ ರಟ್ಟನ್ನ ಎತ್ತಿಟ್ಟಿದ್ದರಂತೆ, ಅದನ್ನ ತೆಗೆದು ತಾವೇ ಪೂರ್ತಿ ಮಾಡಿ ಅಂಗಡಿ ಮುಂದೆ ತೂಗು ಹಾಕಿದರು. "ಕೆಲಸ ನಿ" ನನ್ನ ಅಕ್ಷರ, ದುಂಡಗೆ. "ಂತಿಲ್ಲ" ಅವರದು, ಕೋಳಿ ಕೆದಕಿದ ಹಾಗೆ. ಅದಾದ ಮೇಲೆ ಎರಡು ವರ್ಷ ಕೆಲಸ ನಿಂತಿರಲಿಲ್ಲ. ಹೋದ ತಿಂಗಳು ಮುದ್ದೆ ಉಂಡು ಮಲಗಿದವರು ಏಳಲಿಲ್ಲ. ಹಿಟ್ಟಿನ ಡಬ್ಬದಲ್ಲಿ ಯಾರದೋ ಪ್ಯಾನಲ್ ಇನ್ನೂ ಹೂತೇ ಇತ್ತು ಅಂತ ಅವರ ಹೆಂಡತಿ ತಿಥಿಯ ದಿನ ಹೇಳಿದರು. ಆಕೆಯೇ ನೂರು ಎಣಿಸಿ ಅಲ್ಲಾಡಿಸಿ, ಬಿಚ್ಚಿ ನೆಕ್ಕಿ ನೋಡಿ, ಪಾಸು ಅಂತ ಗಿರಾಕಿಗೆ ಕೊಟ್ಟು ಕಳಿಸಿದರಂತೆ.

ಮೊನ್ನೆ ಬೈಕನ್ನ ಸರ್ವೀಸಿಗೆ ಬಿಟ್ಟಿದ್ದೆ. ಮೆಕ್ಯಾನಿಕ್ ಬಲೇ ಅಚ್ಚುಕಟ್ಟಿನ ಮನುಷ್ಯ. ಪ್ಯಾನಲ್ ಒರೆಸ್ತಾ ಒರೆಸ್ತಾ ನಿಂತು, ಬಗ್ಗಿ ನೋಡಿ, ಜೇಬಿಂದ ಸ್ಕ್ರೂಡ್ರೈವರ್ ತೆಗೆದ. "ಮೇಡಂ, ಎಂಥಾ ಕೆಲಸ ಮಾಡಿದಾರೆ! ಮೂರೂ ಒಂದೇ ಲೈನು. ಇದೊಂದು ಸೊಟ್ಟ ಆಗೋಗಿದೆ, ನೆಟ್ಟಗೆ ಮಾಡ್ಬಿಡ್ಲಾ?"

"ಮುಟ್ಬೇಡ!" ಅಂತ ಕಿರುಚಿದೆ. ಇಡೀ ಗ್ಯಾರೇಜ್ ತಿರುಗಿ ನೋಡಿತು. ಆತ ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ಮೇಲೆತ್ತಿ ನಿಂತುಬಿಟ್ಟ. ತಿಥಿಯ ದಿನ ಬಾರದ ಅಳು ಆಗ ಬಂತು, ಗ್ರೀಸಿನ ವಾಸನೆ ಮಧ್ಯೆ, ನಾಚಿಕೆ ಇಲ್ಲದೆ.

"ಅದು ನಂದು ಕಣಪ್ಪ," ಅಂದೆ. "ಅದು ಅಲ್ಲೇ ಬಿಗಿ."